ಕರ್ಣನ ಕವಚಕ್ಕೆ ಯಾವ ಅಂಟು?

ಇಂದ್ರ ಇನ್ನೂ ಬಾಯಿ ಬಿಟ್ಟು ಕೇಳಿರಲಿಲ್ಲ. ಅಷ್ಟರಲ್ಲೇ ಕರ್ಣನ ಕವಚ ಬಿದ್ದುಹೋಯ್ತು.

ಅಕ್ಟೋಬರ್ ತಿಂಗಳ ಒಂದು ಶನಿವಾರ. ಅಕ್ಕನ ಮಗಳ ಸ್ಕೂಲ್ ಡೇ. ಆರನೇ ಕ್ಲಾಸಿನವರ ನಾಟಕದಲ್ಲಿ ನಮ್ಮ ಪುಟ್ಟಿಯೇ ಕರ್ಣ. ಬೆಳಗಿನ ಹೊತ್ತು ಕರ್ಣ ಸೂರ್ಯನಿಗೆ ಅರ್ಘ್ಯ ಕೊಡ್ತಾನೆ, ಬ್ರಾಹ್ಮಣನ ವೇಷದಲ್ಲಿ ಇಂದ್ರ ಬರ್ತಾನೆ, ಕವಚ ಕುಂಡಲ ದಾನ ಕೇಳ್ತಾನೆ. ಪುಟ್ಟಿ ಎರಡೂ ಕೈ ಮೇಲೆತ್ತಿದಳು. ಅದೇ ಕ್ಷಣಕ್ಕೆ ಭುಜದ ಪಟ್ಟಿ ‘ಟಪ್’ ಅಂತ ಕಿತ್ತುಬಂತು. ಎದೆಗವಚ ಸ್ಟೇಜ್ ಮೇಲೆ ‘ಡಬ್’ ಅಂತ ಬಿತ್ತು. ಅದರ ನಡುವೆ ಅಂಟಿಸಿದ್ದ ಚಿನ್ನದ ಬಣ್ಣದ ಸೂರ್ಯ ಉರುಳಿಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂತಿದ್ದ ಹೆಡ್ ಮಿಸ್ ಕಾಲಬಳಿ ನಿಂತಿತು.

ಇಂದ್ರನ ಪಾರ್ಟಿನ ಹುಡುಗ ಕವಚ ನೋಡಿದ, ಕರ್ಣನ್ನ ನೋಡಿದ, ಡೈಲಾಗ್ ಮರೆತ. ಹಿಂದಿನಿಂದ ಯಾರೋ ಒಬ್ಬರು ಅಪ್ಪ, “ತಗೊಂಡು ಹೋಗಪ್ಪ, ಕೆಲಸ ಮುಗೀತು!” ಅಂದ್ರು. ಇಡೀ ಹಾಲ್ ನಕ್ಕಿತು. ನಿಜ ಹೇಳಬೇಕಂದ್ರೆ ನನಗೂ ಒಂದು ಕ್ಷಣ ನಗು ಬಂತು. ಆಮೇಲೆ ಪುಟ್ಟಿ ಮುಖ ಕಾಣಿಸ್ತು.

ಅವಳು ನಾಟಕ ನಿಲ್ಲಿಸಲಿಲ್ಲ. ಒಂದು ಕೈಯಲ್ಲಿ ಕವಚ ಎದೆಗೆ ಒತ್ತಿ ಹಿಡ್ಕೊಂಡೇ ಪೂರ್ತಿ ಮುಗಿಸಿದಳು. ಸ್ಕೂಟರ್‌ನಲ್ಲಿ ಮನೆ ತನಕ ಒಂದು ಮಾತಿಲ್ಲ. ಗೇಟ್ ಹತ್ರ ಇಳಿದು ಹೆಲ್ಮೆಟ್ ಕೈಗೆ ಕೊಡುವಾಗ ಕೇಳಿದಳು: “ಮಾಮ, ನೀನು ಇಂಜಿನಿಯರ್ ಅಲ್ವಾ?”

ಈ ಅಂಕಣದಲ್ಲಿ ಸಾಮಾನ್ಯವಾಗಿ ನಾನು ಮಾಡಿದ ಸಾಮಾನು ತೋರಿಸಿ ಬೆನ್ನು ತಟ್ಟಿಸ್ಕೊಳ್ತೀನಿ. ಈ ಸಲ ಬಿದ್ದುಹೋದ ಸಾಮಾನಿನ ಕಥೆ. ಕವಚ ಮಾಡಿದ್ದು ನಾನು. ಅಂಟು ಆರಿಸಿದ್ದೂ ನಾನೇ.

ತಪ್ಪು ಪ್ರಶ್ನೆ

ಕವಚದ ಐಡಿಯಾ ಕೆಟ್ಟದಾಗಿರಲಿಲ್ಲ. ಮಹಡಿ ಮೇಲೆ ಒಡೆದ ನೀಲಿ ನೀರಿನ ಡ್ರಮ್ ಒಂದಿತ್ತು. ಅದರ ಬಾಗು ಮಗುವಿನ ಎದೆಗೆ ಸರಿಯಾಗಿ ಕೂರ್ತಿತ್ತು. ಕತ್ತರಿಸಿದೆ, ಅಂಚು ಉಜ್ಜಿದೆ, ಚಿನ್ನದ ಬಣ್ಣ ಹೊಡೆದೆ. ಫೋಮಿನ ಅಂಚು, ನಡುವೆ ಸೂರ್ಯ, ಹಿಂದೆ ಭುಜದ ಪಟ್ಟಿಗೆ ಕುಣಿಕೆ. ಎಲ್ಲಾ ಅಂಟಿಸೋಕೆ ಅಂಗಡಿಯಲ್ಲಿ ಕೇಳಿದ್ದು ಒಂದೇ ಮಾತು: “ಎಲ್ಲಕ್ಕಿಂತ ಸ್ಟ್ರಾಂಗ್ ಯಾವುದಿದೆ ಕೊಡಿ.” ಅವರು ಒಂದು ಸಣ್ಣ ಟ್ಯೂಬ್ ಇನ್‌ಸ್ಟಂಟ್ ಗಮ್ ಕೊಟ್ಟರು. ಅವರ ತಪ್ಪೇನಿಲ್ಲ, ಕೇಳಿದ್ದಕ್ಕೆ ಕೊಟ್ಟರು.

ಆಫೀಸಿನಲ್ಲಿ ಜೂನಿಯರ್ ಒಬ್ಬ ಬಂದು “ಯಾವ ಡೇಟಾಬೇಸ್ ಬೆಸ್ಟ್ ಸರ್?” ಅಂತ ಕೇಳಿದ್ರೆ ನಾನೇ ಅವನಿಗೆ ಅರ್ಧ ಗಂಟೆ ಪಾಠ ಮಾಡ್ತೀನಿ: ಯಾವ ಕೆಲಸಕ್ಕೆ, ಎಷ್ಟು ಲೋಡು, ನಾಳೆ ಬದಲಾಯಿಸಬೇಕಾ? ಅಂಗಡಿ ಮುಂದೆ ನಿಂತಾಗ ಆ ಪಾಠ ನನಗೇ ನೆನಪಾಗಲಿಲ್ಲ.

ಅಂಟಿನ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಮೂರೇ. ಅಂಟಿಸ್ತಿರೋದು ಯಾವ ಪ್ಲಾಸ್ಟಿಕ್? ಎಳೆತ ಯಾವ ಕಡೆಯಿಂದ ಬರುತ್ತೆ? ಇದನ್ನ ಮತ್ತೆ ಬಿಚ್ಚಬೇಕಾ? ಎಷ್ಟು ಸ್ಟ್ರಾಂಗ್ ಅನ್ನೋದು ಇವುಗಳ ಆಮೇಲೆ.

ನವೆಂಬರ್‌ನಲ್ಲಿ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಅದೇ ನಾಟಕ ಮತ್ತೊಮ್ಮೆ ಇತ್ತು. ನಮ್ಮ ಕಡೆ ರಾಜ್ಯೋತ್ಸವ ಒಂದನೇ ತಾರೀಕಿಗೆ ಮುಗಿಯೋದಿಲ್ಲ ಅಂತ ನಿಮಗೇ ಗೊತ್ತು, ಪೆಂಡಾಲ್ ಸಿಕ್ಕ ಭಾನುವಾರವೇ ರಾಜ್ಯೋತ್ಸವ. ನಮಗೆ ಮೂರು ವಾರ ಸಿಕ್ತು. ಆದ್ರೆ ಪುಟ್ಟಿ, “ನಾನು ಮಾಡಲ್ಲ. ಬೇರೆ ಯಾರಾದ್ರೂ ಕರ್ಣ ಆಗ್ಲಿ” ಅಂತ ಕೂತುಬಿಟ್ಟಿದ್ದಳು. ಅಕ್ಕ ನನ್ನ ಕಡೆ ನೋಡಿದ ನೋಟವನ್ನ ಇಲ್ಲಿ ಬರೆಯೋಕಾಗಲ್ಲ.

ತೇಲುತ್ತಾ, ಮುಳುಗುತ್ತಾ?

ಬಿದ್ದ ಕವಚ ತಿರುಗಿಸಿ ನೋಡಿದೆ. ಒಡೆದಿರಲಿಲ್ಲ. ಕುಣಿಕೆ ಇದ್ದ ಜಾಗದಲ್ಲಿ ಗಮ್ ಒಂದು ಗಾಜಿನ ಹಾಳೆಯ ಹಾಗೆ ಒಣಗಿ, ಪೂರ್ತಿಯಾಗಿ ಎದ್ದುಬಂದಿತ್ತು. ಡ್ರಮ್ ಮೇಲೆ ಅದರ ಗುರುತೂ ಇಲ್ಲ. ಅಂದ್ರೆ ಗಮ್ಮಿನ ಶಕ್ತಿ ಕಮ್ಮಿಯಾಗಿರಲಿಲ್ಲ. ಅದು ಡ್ರಮ್ಮಿಗೆ ಹಿಡಿದೇ ಇರಲಿಲ್ಲ.

ನಿಮ್ಮ ಮನೆಯ ಯಾವುದಾದರೂ ಡಬ್ಬಿ ತಿರುಗಿಸಿ ನೋಡಿ. ತಳದಲ್ಲಿ ತ್ರಿಕೋನ, ಅದರೊಳಗೆ ಒಂದು ನಂಬರ್ ಇರುತ್ತೆ. 1 ಅಂದ್ರೆ ನೀರಿನ ಬಾಟಲಿಯ ಪಿಇಟಿ. 2 ಮತ್ತು 4 ಪಾಲಿಎಥಿಲೀನ್: ಡ್ರಮ್, ಶಾಂಪೂ ಬಾಟಲಿ, ಪ್ಲಾಸ್ಟಿಕ್ ಕವರ್. 3 ಪಿವಿಸಿ. 5 ಪಾಲಿಪ್ರೊಪಿಲೀನ್: ಹೋಟೆಲ್ ಪಾರ್ಸಲ್ ಡಬ್ಬಿ, ಎಷ್ಟೋ ಕುರ್ಚಿ, ಬಕೆಟ್ಟು. 6 ಪಾಲಿಸ್ಟೈರೀನ್, ನಮ್ಮ ಥರ್ಮೊಕೋಲ್ ಅದರ ಉಬ್ಬಿದ ರೂಪ. 7 ಅಂದ್ರೆ ಇತರೆ.

ಇದರಲ್ಲಿ 2, 4, 5 ಅಂಟಿಗೆ ಬಗ್ಗದ ಜಾತಿ. ಕೆಸುವಿನ ಎಲೆ ಮೇಲೆ ಮಳೆ ಹನಿ ಹೇಗೆ ಹರಡದೆ ಗುಂಡಗೆ ನಿಲ್ಲುತ್ತೋ ಹಾಗೆ ಇವುಗಳ ಮೇಲೆ ಅಂಟು ಹರಡೋದಿಲ್ಲ. ಹರಡದಿದ್ರೆ ಮೇಲ್ಮೈಯನ್ನ ಹತ್ತಿರದಿಂದ ಮುಟ್ಟೋದಿಲ್ಲ, ಮುಟ್ಟದಿದ್ರೆ ಹಿಡಿಯೋದಿಲ್ಲ. ವಿಜ್ಞಾನದವರು ಇದಕ್ಕೆ ಕಡಿಮೆ ಮೇಲ್ಮೈ ಶಕ್ತಿ ಅಂತಾರೆ. ಅಂಟಿನ ಬಾಟಲಿಯ ಒಳಗೆ ಅಂಟು ಯಾಕೆ ಅಂಟಲ್ಲ ಅಂತ ಚಿಕ್ಕವರಿದ್ದಾಗ ಕೇಳ್ತಿದ್ವಲ್ಲ, ಅದಕ್ಕೂ ಇದು ಅರ್ಧ ಉತ್ತರ. ಎಷ್ಟೋ ಅಂಟಿನ ಬಾಟಲಿ ಮಾಡೋದೇ ಪಾಲಿಎಥಿಲೀನ್‌ನಿಂದ. ಉಳಿದರ್ಧ ಉತ್ತರ, ಒಳಗಿರೋ ಅಂಟಿಗೆ ಒಣಗೋ ಅವಕಾಶವೇ ಸಿಕ್ಕಿರಲ್ಲ. ನಾನು ಮಾಡಿದ್ದೇನಪ್ಪಾ ಅಂದ್ರೆ, ಅಂಟು ತುಂಬಿಡೋ ಪ್ಲಾಸ್ಟಿಕ್ಕಿಗೆ ಅಂಟು ಹಚ್ಚಿದ್ದು.

ನಂಬರ್ ಇಲ್ಲದ ತುಂಡಿಗೆ ಒಂದು ಸುಲಭ ಪರೀಕ್ಷೆ ಇದೆ. ಸಣ್ಣ ಚೂರು ಕತ್ತರಿಸಿ ಬಕೆಟ್ ನೀರಿಗೆ ಹಾಕಿ, ಬೆರಳಿಂದ ಒಮ್ಮೆ ಅದುಮಿ ಬಿಡಿ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲ್ತಾವೆ. ಪಿವಿಸಿ ಪೈಪು, ಎಬಿಎಸ್, ಗಟ್ಟಿ ಪಾಲಿಸ್ಟೈರೀನ್ ಮುಳುಗ್ತಾವೆ. ಫೋಮಿಗೆ ಮಾತ್ರ ಈ ಪರೀಕ್ಷೆ ನಡೆಯಲ್ಲ, ಒಳಗೆ ಗಾಳಿ ಇರೋದ್ರಿಂದ ಯಾವ ಫೋಮಾದ್ರೂ ತೇಲುತ್ತೆ. ಗಟ್ಟಿ ತುಂಡು ತೇಲಿದ್ರೆ ಅಂಟಿನ ಆಸೆ ಬಿಟ್ಟು ರಿವೆಟ್ಟು, ಸ್ಕ್ರೂ, ಕೇಬಲ್ ಟೈ ಕಡೆ ಹೋಗಿ. ಮುಳುಗಿದ್ರೆ ಅಂಟಿನ ಬಗ್ಗೆ ಮಾತಾಡಬಹುದು.

ಪುಟ್ಟಿ ದೂರ ನಿಂತು ನೋಡ್ತಿದ್ದಳು. ಮೂರನೇ ಚೂರು ಹಾಕುವಾಗ ಹತ್ತಿರ ಬಂದಳು. ಐದನೇದು ಅವಳೇ ಹಾಕಿದಳು. ನಾನು ಏನೂ ಮಾತಾಡಲಿಲ್ಲ.

ಬೀದಿಯಲ್ಲೇ ಇದ್ದರು ಮೇಷ್ಟ್ರು

ಆ ಭಾನುವಾರ ಟೆರೇಸ್ ಮೇಲೆ ನಮ್ಮ ಟೆಸ್ಟಿಂಗ್ ಶುರು. ನಾಲ್ಕು ಸಾಮಗ್ರಿ: ಡ್ರಮ್ ತುಂಡು, ಪಿವಿಸಿ ಪೈಪ್, ಬೋರ್ಡ್ ಬರೆಯೋರು ಬಳಸೋ 3 ಮಿಲಿಮೀಟರ್ ಪಿವಿಸಿ ಫೋಮ್ ಶೀಟ್, ಮಕ್ಕಳು ಆಡೋ ಜೋಡಿಸುವ ಮ್ಯಾಟ್‌ನ ಇವಿಎ ಫೋಮ್. ಐದು ಅಂಟು: ಇನ್‌ಸ್ಟಂಟ್ ಗಮ್, ಮರಗೆಲಸದ ಬಿಳಿ ಅಂಟು, ಚಪ್ಪಲಿ ಹೊಲಿಯೋರ ಹಳದಿ ರಬ್ಬರ್ ಅಂಟು, ಪ್ಲಂಬರ್‌ಗಳ ಸಾಲ್ವೆಂಟ್ ಸಿಮೆಂಟ್, ಹಾಟ್ ಗ್ಲೂ ಗನ್. ಒಟ್ಟು ಇಪ್ಪತ್ತು ಜೋಡಿ. ಪುಟ್ಟಿ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಟೇಬಲ್ ಮಾಡಿದಳು. 24 ಗಂಟೆ ಬಿಟ್ಟು ಪ್ರತಿಯೊಂದನ್ನೂ ಎಳೆಯೋದು, ಬಗ್ಗಿಸೋದು, ಮೂಲೆಯಿಂದ ಸುಲಿಯೋದು. ಮಾರ್ಕ್ಸ್ ಹಾಕೋದು ಅವಳ ಕೆಲಸ.

ಸಾಮಾನು ತರೋಕೆ ಹೋದಾಗಲೇ ಅರ್ಧ ವಿದ್ಯೆ ಸಿಕ್ತು. ನಮ್ಮ ಬಸ್‌ಸ್ಟಾಪ್ ಪಕ್ಕದ ಚಪ್ಪಲಿ ರಿಪೇರಿಯವರ ಹತ್ರ, “ಯಜಮಾನ್ರೇ, ಈ ಹಳದಿ ಅಂಟು ನಾನು ಹಚ್ಚಿದ್ರೆ ನಿಲ್ಲಲ್ಲ, ನೀವು ಹಚ್ಚಿದ್ರೆ ವರ್ಷ ನಿಲ್ಲುತ್ತೆ. ಏನು ಗುಟ್ಟು?” ಅಂದೆ.

ಅವರು ತಲೆ ಎತ್ತಲಿಲ್ಲ. “ಎರಡೂ ಕಡೆ ಹಚ್ತೀರಾ?”

“ಒಂದೇ ಕಡೆ.”

“ಹಚ್ಚಿ ತಕ್ಷಣ ಅಂಟಿಸ್ತೀರಾ?”

“ಹೌದು.”

“ಅದಕ್ಕೇ ಸಾರ್. ಇದು ಒಣಗಿದ ಮೇಲೆ ಅಂಟೋ ಅಂಟು.”

ಅಷ್ಟೇ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದೆ, ಈ ಒಂದು ವಾಕ್ಯ ಯಾರೂ ಹೇಳಿಕೊಟ್ಟಿರಲಿಲ್ಲ. ರಬ್ಬರ್ ಅಂಟನ್ನ ಎರಡೂ ಮೇಲ್ಮೈಗೆ ತೆಳ್ಳಗೆ ಹಚ್ಚಬೇಕು. ಹತ್ತು ಹದಿನೈದು ನಿಮಿಷ ಬಿಡಬೇಕು. ಬೆರಳಿಟ್ಟು ತೆಗೆದರೆ ಎಳೆ ಬರಬಾರದು. ಆಗ ಎರಡನ್ನೂ ಸೇರಿಸಿ ಜೋರಾಗಿ ಒತ್ತಬೇಕು. ಎಷ್ಟು ಹೊತ್ತು ಒತ್ತಿದ್ರಿ ಅನ್ನೋದಕ್ಕಿಂತ ಎಷ್ಟು ಬಲವಾಗಿ ಒತ್ತಿದ್ರಿ ಅನ್ನೋದು ಮುಖ್ಯ. ಅದಕ್ಕೇ ಅವರು ಸುತ್ತಿಗೆಯಲ್ಲಿ ಬಡಿಯೋದು. ಒಂದು ಎಚ್ಚರ: ಸೇರಿಸಿದ ಮೇಲೆ ಸರಿಸೋಕಾಗಲ್ಲ. ಸೊಟ್ಟ ಕೂತರೆ ಸೊಟ್ಟವೇ. ನಾವು ನಡುವೆ ಬಟರ್ ಪೇಪರ್ ಇಟ್ಟು, ಅಳತೆ ಸರಿ ಮಾಡ್ಕೊಂಡು, ಪೇಪರನ್ನ ಸ್ವಲ್ಪ ಸ್ವಲ್ಪವೇ ಎಳೀತಾ ಒತ್ತಿದ್ವಿ.

ಪೈಪ್ ಅಂಗಡಿಯಲ್ಲಿ ಎರಡನೇ ಪಾಠ. ಸಾಲ್ವೆಂಟ್ ಸಿಮೆಂಟ್ ಅಂಟೇ ಅಲ್ಲ ಅನ್ನಬಹುದು. ಅದು ಪಿವಿಸಿಯ ಮೇಲಿನ ಪದರವನ್ನ ಕರಗಿಸುತ್ತೆ. ಕರಗಿದ ಎರಡು ಪದರ ಒಂದರೊಳಗೊಂದು ಬೆರೆಯುತ್ತೆ, ದ್ರಾವಕ ಆರಿದ ಮೇಲೆ ಒಂದೇ ತುಂಡಾಗುತ್ತೆ. ಪ್ಲಂಬರ್ ಪೈಪ್ ತೂರಿಸುವಾಗ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡಿದು ನಿಲ್ಲೋದು ನೋಡಿರ್ತೀರಿ. ತಿರುಗಿಸೋದು ಸಿಮೆಂಟ್ ಸಮವಾಗಿ ಹರಡಲಿ ಅಂತ, ಹಿಡಿಯೋದು ಪೈಪ್ ವಾಪಸ್ ಜಾರದಿರಲಿ ಅಂತ. ಆದ್ರೆ ಇದು ಪಿವಿಸಿಗೆ ಮಾತ್ರ. ಡ್ರಮ್ಮಿಗೆ ಹಚ್ಚಿದ್ರೆ ಡ್ರಮ್ ಕ್ಯಾರೇ ಅನ್ನಲ್ಲ.

ಮರುದಿನ ಸಂಜೆ ರಿಸಲ್ಟ್ ಬಂತು. ಡ್ರಮ್ ತುಂಡು ಐದಕ್ಕೆ ಐದೂ ಫೇಲು. ಬಿಳಿ ಅಂಟಂತೂ ಹಾಲಿನ ಕೆನೆ ಹಾಗೆ ಒಂದೇ ಪದರವಾಗಿ ಎದ್ದುಬಂತು. ಪೈಪಿಗೆ ಪೈಪು, ಸಾಲ್ವೆಂಟ್ ಸಿಮೆಂಟ್ ಮುಂದೆ ಬೇರೆ ಯಾವುದೂ ಇಲ್ಲ. ಫೋಮ್ ಶೀಟಿಗೂ ಅದು ಚೆನ್ನಾಗಿ ಹಿಡಿಯಿತು, ಆದ್ರೆ ದಪ್ಪ ಹಚ್ಚಿದ ಕಡೆ ಶೀಟನ್ನೇ ತಿಂದು ಗುಳಿ ಮಾಡಿತ್ತು. ಇವಿಎ ಫೋಮಿಗೆ ರಬ್ಬರ್ ಅಂಟು: ಎಳೆದರೆ ಫೋಮೇ ಹರೀತು, ಜೋಡಣೆ ಹಾಗೇ ಇತ್ತು. ಪುಟ್ಟಿ ಅದಕ್ಕೆ ಹತ್ತಕ್ಕೆ ಹನ್ನೊಂದು ಕೊಟ್ಟಳು. ಗ್ಲೂ ಗನ್ನಿನದು ನೆರಳಲ್ಲಿ ಗಟ್ಟಿಯಾಗಿತ್ತು. ಪಕ್ಕದ ಮನೆಯವರ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಧ್ಯಾಹ್ನ ಇಟ್ಟಿದ್ದ ಜೋಡಿ ಮಾತ್ರ ಮೆತ್ತಗಾಗಿ ಜಾರಿತ್ತು. ಕರಗಿಸಿ ಹಾಕೋ ಅಂಟು ಶಾಖಕ್ಕೆ ಮತ್ತೆ ಮೆತ್ತಗಾಗೋದು ಅದರ ಸ್ವಭಾವ. ಕವಚವನ್ನ ಬಿಸಿಲಲ್ಲಿ ನಿಂತ ಕಾರಿನಲ್ಲಿಟ್ಟು ಶೋಗೆ ಹೋಗೋರು ಇದನ್ನ ನೆನಪಿಡಿ.

ಅಂದಹಾಗೆ, ಕಿರೀಟದ ಥರ್ಮೊಕೋಲಿಗೆ ಒಂದು ಹನಿ ಇನ್‌ಸ್ಟಂಟ್ ಗಮ್ ಹಾಕಿ ನೋಡಿದ್ವಿ. ಅಂಟೋ ಬದಲು ತೂತು ಬಿತ್ತು. ದ್ರಾವಕ ಇರೋ ರಬ್ಬರ್ ಅಂಟೂ ಥರ್ಮೊಕೋಲನ್ನ ಕರಗಿಸುತ್ತೆ. ಅಲ್ಲಿ ನೀರಿನ ಬಿಳಿ ಅಂಟೇ ಸರಿ, ತಾಳ್ಮೆಯಿಂದ ರಾತ್ರಿಯಿಡೀ ಒಣಗೋಕೆ ಬಿಡಬೇಕು ಅಷ್ಟೆ.

ಎಳೆಯೋದು ಬೇರೆ, ಸುಲಿಯೋದು ಬೇರೆ

ಎರಡನೇ ಪ್ರಶ್ನೆ, ಎಳೆತ ಯಾವ ಕಡೆಯಿಂದ ಅನ್ನೋದು. ಬ್ಯಾಂಡೇಜ್ ಪಟ್ಟಿಯನ್ನ ಚರ್ಮದ ಮೇಲೆ ಅಡ್ಡಕ್ಕೆ ಜಾರಿಸೋಕೆ ನೋಡಿ, ಆಗಲ್ಲ. ಮೂಲೆ ಹಿಡಿದು ಎತ್ತಿದ್ರೆ ಸರಕ್ಕನೆ ಬರುತ್ತೆ. ಅಂಟು ಅದೇ, ಎಳೆಯೋ ದಿಕ್ಕು ಬೇರೆ. ಅಡ್ಡ ಜಾರಿಸುವಾಗ ಪೂರ್ತಿ ಅಂಟು ಒಟ್ಟಿಗೆ ತಡೆಯುತ್ತೆ. ಮೂಲೆಯಿಂದ ಸುಲಿಯುವಾಗ ಎಲ್ಲಾ ಬಲ ಒಂದು ಗೆರೆ ಮೇಲೆ ಬೀಳುತ್ತೆ, ಆ ಗೆರೆ ಸೋತ್ರೆ ಪಕ್ಕದ್ದು, ಅದು ಸೋತ್ರೆ ಅದರ ಪಕ್ಕದ್ದು.

ಪುಟ್ಟಿ ಕೈ ಎತ್ತಿದಾಗ ಆಗಿದ್ದು ಇದೇ. ಪಟ್ಟಿ ಮೇಲಕ್ಕೆ ಎಳೀತು, ಕುಣಿಕೆ ಅಂಚಿನಿಂದ ಸುಲಿದುಬಂತು. ರಿಹರ್ಸಲ್‌ನಲ್ಲಿ ಅವಳು ಕವಚ ಹಾಕ್ಕೊಂಡು ನೆಟ್ಟಗೆ ನಿಂತು ಫೋಟೋ ತೆಗೆಸ್ಕೊಂಡಿದ್ದಳು ಅಷ್ಟೇ. ಕೈ ಎತ್ತಿ ನೋಡಿರಲಿಲ್ಲ, ನಾನು ಎತ್ತು ಅಂದಿರಲಿಲ್ಲ. ಡೆಮೋದಲ್ಲಿ ಓಡಿದ ಕೋಡನ್ನ ನೇರ ಪ್ರೊಡಕ್ಷನ್‌ಗೆ ಹಾಕಿದ ಹಾಗೆ.

ಇನ್‌ಸ್ಟಂಟ್ ಗಮ್ ಸುಲಿತಕ್ಕೆ, ಬಗ್ಗೋದಕ್ಕೆ, ಏಟಿಗೆ ಹೇಳಿ ಮಾಡಿಸಿದ್ದಲ್ಲ. ಒಣಗಿದ ಮೇಲೆ ಅದು ಗಾಜಿನ ಹಾಗೆ ಗಡಸು. ಅದರ ಹುಟ್ಟಿನ ಕಥೆಯೂ ಒಂಥರಾ ಆಕಸ್ಮಿಕವೇ. 1942ರಲ್ಲಿ, ಯುದ್ಧದ ಕಾಲದಲ್ಲಿ, ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ತಂಡ ಬಂದೂಕಿನ ಗುರಿ ನೋಡೋ ಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕ್ತಾ ಇತ್ತು. ಸಿಕ್ಕಿದ ಒಂದು ರಾಸಾಯನಿಕ ಮುಟ್ಟಿದ್ದಕ್ಕೆಲ್ಲಾ ಅಂಟ್ತು. ಬೇಡಪ್ಪಾ ಅಂತ ಬಿಟ್ಟರು. 1951ರಲ್ಲಿ ಅದನ್ನೇ ಮತ್ತೆ ಪರೀಕ್ಷಿಸುವಾಗ ಪ್ರಯೋಗಾಲಯದ ಉಪಕರಣದ ಎರಡು ಪ್ರಿಸಂ ಅಂಟಿಕೊಂಡು ಬಿಡಿಸೋಕಾಗಲಿಲ್ಲ. ಕೂವರ್‌ಗೆ ಆಗ ಹೊಳೀತು, ಇದರ ಕೆಲಸವೇ ಅಂಟಿಸೋದು ಅಂತ. 1958ರಲ್ಲಿ ಈಸ್ಟ್‌ಮನ್ 910 ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬಂತು.

ಅದು ಗಟ್ಟಿಯಾಗೋದು ಗಾಳಿಯಲ್ಲಿ, ಮೇಲ್ಮೈಯಲ್ಲಿ ಇರೋ ತೇವದಿಂದ. ಹಾಗಾಗಿ ತೆಳ್ಳಗೆ ಹಾಕಿದಷ್ಟೂ ಒಳ್ಳೇದು. ನಾನು ‘ಇರಲಿ ಇನ್ನೊಂದೆರಡು ಹನಿ’ ಅಂತ ಸುರಿದಿದ್ದೆ. ಸುರಿದಷ್ಟೂ ನಿಧಾನ, ಸುತ್ತ ಬಿಳಿ ಬೂದಿ ಬಡಿದ ಹಾಗೆ ಕಲೆ ಬೇರೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಸ್ಕೂಲ್ ಡೇ ಹಿಂದಿನ ರಾತ್ರಿ ಚೆಲ್ಲಿದ ಗಮ್ಮನ್ನ ಹತ್ತಿಯಲ್ಲಿ ಒರೆಸಿದೆ. ಹತ್ತಿ ಕೈಯಲ್ಲೇ ಬಿಸಿಯಾಗಿ ಹೊಗೆ ಬಂತು, ತೋರುಬೆರಳಲ್ಲಿ ಬೊಬ್ಬೆ ಎದ್ದಿತು. ಹತ್ತಿ ಜೊತೆ ಸೇರಿದ್ರೆ ಈ ಗಮ್ ಬೇಗ ಗಟ್ಟಿಯಾಗಿ ಸುಡುವಷ್ಟು ಶಾಖ ಬಿಡುತ್ತೆ. ಹತ್ತಿ ಬಟ್ಟೆ, ಕಾಟನ್ ಗ್ಲೌಸ್, ಕಾಲುಚೀಲ ಯಾವುದೂ ಇದರ ಹತ್ತಿರ ಬೇಡ. ಅವತ್ತು ಪುಟ್ಟಿ ಕಾಟನ್ ಪಂಚೆಯನ್ನೇ ಉಟ್ಟು ಅಳತೆ ಕೊಡ್ತಾ ಪಕ್ಕದಲ್ಲಿ ನಿಂತಿದ್ದಳು. ಆ ಹನಿ ನನ್ನ ಬೆರಳಿನ ಬದಲು ಅವಳ ತೊಡೆ ಮೇಲೆ ಬಿದ್ದಿದ್ದರೆ ಅಂತ ಈಗಲೂ ಯೋಚನೆ ಬರುತ್ತೆ. ಬೆರಳು ಅಂಟಿಕೊಂಡ್ರೆ ಜಗ್ಗಬೇಡಿ, ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿ. ಕಣ್ಣಿಗೆ ಬಿದ್ರೆ ಮನೆಮದ್ದು ಬೇಡ, ಸೀದಾ ಡಾಕ್ಟರ್ ಹತ್ರ ಹೋಗಿ.

ರಬ್ಬರ್ ಅಂಟು, ಸಾಲ್ವೆಂಟ್ ಸಿಮೆಂಟ್ ಎರಡರ ವಾಸನೆಯೂ ತಲೆಗೆ ಏರುತ್ತೆ, ಎರಡಕ್ಕೂ ಬೆಂಕಿ ಬೇಗ ಹತ್ತುತ್ತೆ. ನಾನು ಮೊದಲು ಡಬ್ಬಿ ತೆರೆದದ್ದು ಅಡುಗೆಮನೆ ಕಟ್ಟೆ ಮೇಲೆ. ಅಕ್ಕ ಒಗ್ಗರಣೆ ಸೌಟು ಹಿಡ್ಕೊಂಡೇ ನನ್ನನ್ನ ಟೆರೇಸ್‌ಗೆ ಓಡಿಸಿದಳು. ಅವಳು ಕೆಮಿಸ್ಟ್ರಿ ಓದಿಲ್ಲ, ಆದ್ರೆ ಅವಳು ಹೇಳಿದ್ದೇ ಸರಿ. ಹಚ್ಚೋ ಕೆಲಸ ದೊಡ್ಡೋರದ್ದು, ಬಯಲಿನಲ್ಲಿ. ಮಕ್ಕಳಿಗೆ ಅಳತೆ, ಕತ್ತರಿ, ಬಣ್ಣ, ಮಾರ್ಕ್ಸ್.

ಬಿಚ್ಚೋಕೂ ಬರಬೇಕು

ಮೂರನೇ ಪ್ರಶ್ನೆ ನನಗೆ ಹೊಳೆದಿದ್ದು ಸ್ಟಾರ್ ವಾರ್ಸ್ ಅಭಿಮಾನಿಗಳಿಂದ. 1977ರ ಆ ಸಿನಿಮಾದ ಬಿಳಿ ಸೈನಿಕರು, ಸ್ಟಾರ್ಮ್‌ಟ್ರೂಪರ್‌ಗಳು, ಹಾಕ್ಕೊಂಡಿದ್ದು ಲೋಹವಲ್ಲ, ಬಿಸಿ ಮಾಡಿದ ಪ್ಲಾಸ್ಟಿಕ್ ಶೀಟನ್ನ ಅಚ್ಚಿನ ಮೇಲೆ ನಿರ್ವಾತದಿಂದ ಎಳೆದು ಮಾಡಿದ ಕವಚ. ಅದನ್ನ ಮನೆಯಲ್ಲೇ ಕಟ್ಟಿಕೊಳ್ಳೋರು ಪ್ರಪಂಚದ ತುಂಬಾ ಇದ್ದಾರೆ. 1997ರಲ್ಲಿ ಅಮೆರಿಕದಲ್ಲಿ ಶುರುವಾದ 501ನೇ ಲೀಜನ್ ಅನ್ನೋ ಅವರ ಸಂಘವೇ ಇದೆ.

ಅವರ ಕವಚ ಸಾಮಾನ್ಯವಾಗಿ ಎಬಿಎಸ್. ಎಬಿಎಸ್ ಕರಗಿಸಿ ಬೆಸೆಯೋ ಸಿಮೆಂಟ್ ಸಿಗುತ್ತೆ, ಅದೇ ಹೆಚ್ಚು ಗಟ್ಟಿ. ಆದರೂ ಅವರಲ್ಲಿ ಬಹಳ ಜನ ಆರಿಸೋದು ಇ6000 ಅನ್ನೋ, ಗಟ್ಟಿಯಾಗೋಕೆ 24ರಿಂದ 72 ಗಂಟೆ ಹಿಡಿಯೋ, ಒಣಗಿದ ಮೇಲೂ ರಬ್ಬರಿನ ಹಾಗೆ ಬಗ್ಗೋ ಅಂಟನ್ನ. ಯಾಕೆ? ಸೊಟ್ಟ ಕೂತರೆ, ಆಮೇಲೆ ಮೈ ದಪ್ಪಗಾದರೆ, ಕವಚ ಒಡೆಯದೆ ಅಂಟನ್ನ ಸುಲಿದು ಮತ್ತೆ ಕೂರಿಸಬಹುದು. ಎರಡು ತುಂಡನ್ನ ಅಂಚಿಗೆ ಅಂಚು ಇಟ್ಟು ಮಾತ್ರ ಅಂಟಿಸೋದಿಲ್ಲ, ಜೋಡಣೆ ಮೇಲೆ ಒಂದು ಪಟ್ಟಿ ಇಟ್ಟು ಅಂಟಿನ ಜಾಗ ಅಗಲ ಮಾಡ್ತಾರೆ. ಬಲ ಸುಲಿತವಾಗಿ ಬೀಳೋ ಬದಲು ಅಡ್ಡ ಜಾರೋ ಕಡೆ ತಿರುಗುತ್ತೆ.

ಅಂದ್ರೆ ರೋಲ್‌ಬ್ಯಾಕ್ ಇಟ್ಕೊಂಡೇ ಕೆಲಸ ಶುರು ಮಾಡ್ತಾರೆ. ನಾವು ಆಫೀಸಲ್ಲಿ ಮಾಡೋದೂ ಅದನ್ನೇ.

ಕರ್ಣನ ಕವಚಕ್ಕೆ ಈ ಪ್ರಶ್ನೆ ಇನ್ನೂ ದೊಡ್ಡದು. ಅದು ಹುಟ್ಟಿನಿಂದಲೇ ಮೈಗೆ ಬಂದದ್ದು, ಅಲುಗಾಡಬಾರದು. ಆದ್ರೆ ಇಡೀ ನಾಟಕ ನಿಂತಿರೋದೇ ಅವನು ಅದನ್ನ ಕಿತ್ತು ಕೊಡೋದರ ಮೇಲೆ. ಹಾಗೆ ಕತ್ತರಿಸಿ ಕೊಟ್ಟಿದ್ದಕ್ಕೇ ಮಹಾಭಾರತದಲ್ಲಿ ಅವನಿಗೆ ವೈಕರ್ತನ ಅನ್ನೋ ಹೆಸರು. ಸರಿಯಾದ ಹೊತ್ತಿಗೆ ಬಿಚ್ಚಬೇಕು, ಅದಕ್ಕೂ ಮೊದಲು ಬಿಚ್ಚಬಾರದು.

“ಮಾಮ, ವೆಲ್ಕ್ರೋ ಹಾಕೋಣ” ಅಂದಳು ಪುಟ್ಟಿ, ಅವಳ ಶೂ ತೋರಿಸಿ. ಅವತ್ತು ಅವಳು ‘ಬೇರೆ ಯಾರಾದ್ರೂ ಕರ್ಣ ಆಗ್ಲಿ’ ಅಂದಿದ್ದು ನಮ್ಮಿಬ್ಬರಿಗೂ ಮರೆತುಹೋಗಿತ್ತು. ಅಥವಾ ನೆನಪಿಸೋದು ಇಬ್ಬರಿಗೂ ಬೇಡವಾಗಿತ್ತು.

ಎರಡನೇ ಕವಚ

ಡ್ರಮ್ ಬಿಟ್ವಿ. 3 ಮಿಲಿಮೀಟರ್ ಪಿವಿಸಿ ಫೋಮ್ ಶೀಟಿನಲ್ಲಿ ಎದೆ, ಹೊಟ್ಟೆ ಎರಡು ತುಂಡು. ಪಿವಿಸಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತೆ. ಪರಿಚಯದ ಕಾರ್ಪೆಂಟರ್ ಹತ್ರ ಹೀಟ್ ಗನ್ ಇಸ್ಕೊಂಡು ಬಂದು, ಟೆರೇಸ್‌ನಲ್ಲಿ ಕಮ್ಮಿ ಶಾಖದಲ್ಲಿ ಬಿಸಿ ಮಾಡಿ, ಅಕ್ಕನ ಅಕ್ಕಿ ಡಬ್ಬಿ ಮೇಲೆ ಬಟ್ಟೆ ಹಾಸಿ ಬಾಗಿಸಿದೆ. ಪಿವಿಸಿ ಕರಕಲಾಗೋಕೆ ಬಿಡಬಾರದು, ಬರೋ ಹೊಗೆ ಒಳ್ಳೇದಲ್ಲ.

ಎರಡು ತುಂಡು ಸೇರೋ ಕಡೆ ಹಿಂದಿನಿಂದ ಎರಡೂವರೆ ಸೆಂಟಿಮೀಟರ್ ಅಗಲದ ಅದೇ ಶೀಟಿನ ಪಟ್ಟಿ, ಸಾಲ್ವೆಂಟ್ ಸಿಮೆಂಟ್ ತೆಳ್ಳಗೆ. ಅಂಚಿನ ಇವಿಎ ಫೋಮ್, ನಡುವಿನ ಸೂರ್ಯ, ಎರಡಕ್ಕೂ ರಬ್ಬರ್ ಅಂಟು. ಇದೆಲ್ಲಾ ಬಣ್ಣ ಹೊಡೆಯೋ ಮುಂಚೆ. ಬಣ್ಣದ ಮೇಲೆ ಅಂಟು ಹಾಕಿದ್ರೆ ಅಂಟು ಹಿಡಿಯೋದು ಬಣ್ಣವನ್ನ, ಪ್ಲಾಸ್ಟಿಕ್ಕನ್ನಲ್ಲ. ಅಂಟೋ ಜಾಗವನ್ನ ಮರಳು ಕಾಗದದಲ್ಲಿ ಲಘುವಾಗಿ ಉಜ್ಜಿ ಒರೆಸಿದ್ವಿ. ಕೈ ಜಿಡ್ಡೂ ಅಂಟಿಗೆ ಶತ್ರುವೇ. ಬಿಳಿ ಅಂಟಿಗೂ ಕೊನೆಗೆ ಒಂದು ಕೆಲಸ ಸಿಕ್ತು: ನೀರು ಬೆರೆಸಿ ಫೋಮ್ ಮೇಲೆ ಎರಡು ಮೂರು ಕೋಟ್ ಹಚ್ಚಿದ್ರೆ ಫೋಮ್ ಬಣ್ಣ ಕುಡಿಯೋದು ಕಮ್ಮಿಯಾಗಿ ಚಿನ್ನ ಚೆನ್ನಾಗಿ ಕೂತಿತು. ಕುಂಡಲದ ಲೋಹದ ಕೊಂಡಿಗೆ ಎರಡು ಟ್ಯೂಬ್ ಸಮ ಬೆರೆಸೋ ಎಪಾಕ್ಸಿ, ಐದು ನಿಮಿಷದ್ದಲ್ಲ, ಒಂದು ದಿನ ತಗೊಳ್ಳೋದು.

ಭುಜದ ಪಟ್ಟಿಗೆ ಅಂಟೇ ಹಾಕಲಿಲ್ಲ. ಜೋರು ಎಳೆತ ಇರೋ ಕಡೆ ಅಂಟನ್ನ ನಂಬಬೇಡ ಅನ್ನೋದು ನಾನು ಈ ಸಲ ದುಬಾರಿ ಬೆಲೆ ಕೊಟ್ಟು ಕಲಿತ ಪಾಠ. ಬ್ಯಾಗ್ ರಿಪೇರಿಯವರ ಹತ್ರ ಪಟ್ಟಿಗೆ ವೆಲ್ಕ್ರೋ ಹೊಲಿಸಿ, ಪಟ್ಟಿಯ ಇನ್ನೊಂದು ತುದಿಯನ್ನ ವಾಷರ್ ಇಟ್ಟು ರಿವೆಟ್ ಹೊಡೆಸಿದ್ವಿ. ಬೆನ್ನಿಗೆ ಅಂಟು ಇರೋ ರೆಡಿಮೇಡ್ ವೆಲ್ಕ್ರೋ ತಗೊಂಡಿದ್ದರೆ ಮತ್ತೆ ಅದೇ ಸುಲಿಯೋ ಕಥೆ.

ಆಮೇಲೆ ಪರೀಕ್ಷೆ. ಪುಟ್ಟಿ ಕವಚ ಹಾಕ್ಕೊಂಡು ಕೈ ಎತ್ತಿದಳು, ಕುಣಿದಳು, ಮೆಟ್ಟಿಲು ಹತ್ತಿ ಇಳಿದಳು, ಬೀದಿ ನಾಯಿ ಹಿಂದೆ ಓಡಿದಳು. ಐವತ್ತು ಸಲ ಸೂರ್ಯನಿಗೆ ಅರ್ಘ್ಯ. ನೋಟ್‌ಬುಕ್ಕಿನಲ್ಲಿ ಐವತ್ತು ಗೀಟು.

ರಾಜ್ಯೋತ್ಸವದ ಸಂಜೆ ಪೆಂಡಾಲ್ ತುಂಬಿತ್ತು. ಕೈ ಎತ್ತೋ ದೃಶ್ಯ ಬಂದಾಗ ನಾನು ಉಸಿರು ಬಿಗಿ ಹಿಡಿದಿದ್ದೆ, ಪಕ್ಕದಲ್ಲಿ ಅಕ್ಕ ನನ್ನ ಮೊಣಕೈ ಹಿಡಿದಿದ್ದಳು. ಕವಚ ಕದಲಲಿಲ್ಲ. ಇಂದ್ರ ಬಂದ, ಕೇಳಿದ, ಈ ಸಲ ಡೈಲಾಗ್ ಮರೆಯಲಿಲ್ಲ.

ಕರ್ಣ ಒಂದು ಕ್ಷಣ ಸುಮ್ಮನೆ ನಿಂತ. ಆಮೇಲೆ ಎಡಗೈಯಿಂದ ಭುಜದ ಪಟ್ಟಿ ಹಿಡಿದು ನಿಧಾನಕ್ಕೆ ಎಳೆದ. ನಾವ್ಯಾರೂ ಯೋಚಿಸಿರದ ಒಂದು ವಿಷಯ ಆಗ ಆಯ್ತು. ಪುಟ್ಟಿ ಕಾಲರ್‌ಗೆ ಮೈಕ್ ಸಿಕ್ಕಿಸಿದ್ದರು. ವೆಲ್ಕ್ರೋ ಬಿಡೋ ‘ಚರ್‌ರ್‌ರ್’ ಸದ್ದು ಸ್ಪೀಕರ್‌ನಲ್ಲಿ ಚರ್ಮ ಸುಲಿದ ಹಾಗೆ ಕೇಳಿಸ್ತು. ಪೆಂಡಾಲ್ ಪೂರ್ತಿ ನಿಶ್ಶಬ್ದ. ಮುಂದಿನ ಸಾಲಿನ ಅಜ್ಜಿಯೊಬ್ಬರು “ಅಯ್ಯೋ ಮಗೂ” ಅಂದ್ರು. ಎರಡನೇ ಭುಜ, ಮತ್ತೆ ಅದೇ ಸದ್ದು. ಕವಚವನ್ನ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಾಗ ಒಬ್ಬರೂ ನಗಲಿಲ್ಲ.

ಆ ಕವಚ ಈಗ ನಮ್ಮ ಹಾಲ್‌ನಲ್ಲಿ ಟಿವಿ ಪಕ್ಕ ನೇತಾಡ್ತಿದೆ. ಮುಂದಿನ ವರ್ಷ ಪುಟ್ಟಿ ಭೀಮನಂತೆ, ಗದೆ ಬೇಕಂತೆ. ಮೊನ್ನೆ ಹಳೇ ಪ್ಲಾಸ್ಟಿಕ್ ಬಿಂದಿಗೆ ಒಂದನ್ನ ತೋರಿಸಿ, ಇದು ಗದೆಯ ತಲೆಗೆ ಚೆನ್ನಾಗಿರುತ್ತೆ ಅಲ್ವಾ ಅಂದೆ.

“ಮೊದಲು ಒಂದು ಚೂರು ಕತ್ತರಿಸಿ ಬಕೆಟ್‌ಗೆ ಹಾಕು ಮಾಮ” ಅಂದಳು. “ತೇಲುತ್ತಾ ಮುಳುಗುತ್ತಾ ನೋಡೋಣ.”